ಹಳೆಯ ಕಾರಿನ ಕನ್ನಡಿ ಮತ್ತು ನಾವು ಕಲಿಯದೆ ಬಿಟ್ಟ ಕೈಕೆಲಸ

ಕಳೆದ ಜನವರಿಯ ಒಂದು ಬೆಳಗಿನ ಜಾವ. ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗಿನ ಚಳಿ. ಆಸ್ಪತ್ರೆಯಲ್ಲಿ ಏಳು ಗಂಟೆಗೆ ನನ್ನ ಪಾಳಿ ಆರಂಭವಾಗಬೇಕಿತ್ತು. ಅವಸರದಲ್ಲಿ ಮನೆಯ ಗ್ಯಾರೇಜಿನಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ಎಡಬದಿಯ ಸೈಡ್ ಮಿರರ್ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಇಲ್ಲಿ ಚಾಲಕ ಕೂರುವುದು ಎಡಕ್ಕೆ. ಆದ್ದರಿಂದ ಅದು ನನ್ನ ಬದಿಯ ಕನ್ನಡಿ. ಗಾಜು ಮೂರು ತುಂಡಾಗಿ ಸೀಳಿತ್ತು. ಗುಂಡಿ ಒತ್ತಿದರೆ ಒಳಗಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತೇ ಹೊರತು ಕನ್ನಡಿ ಅಲುಗುತ್ತಿರಲಿಲ್ಲ. ಕಪ್ಪು ಟೇಪಿನ ಎರಡು ಪಟ್ಟಿಗಳನ್ನು ಅಂಟಿಸಿ, ಭಾನುವಾರ ನೋಡಿಕೊಂಡರಾಯಿತು ಎಂದುಕೊಂಡು ಹೊರಟೆ.

ಆ ಭಾನುವಾರ ಬರಲಿಲ್ಲ. ಐದು ವಾರ ಹಾಗೆಯೇ ಓಡಾಡಿದೆ. ನಾವಿರುವ ಮಿಷಿಗನ್ ರಾಜ್ಯದಲ್ಲಿ ಖಾಸಗಿ ಕಾರುಗಳಿಗೆ ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಊರಿನಲ್ಲಿ ಹದಿನೈದು ವರ್ಷ ದಾಟಿದ ಕಾರನ್ನು ಎಫ್.ಸಿ.ಗೆಂದು ಆರ್.ಟಿ.ಓ. ಕಚೇರಿಗೆ ಒಯ್ಯುವಂತೆ ಇಲ್ಲಿ ಯಾರೂ ಒಯ್ಯುವುದಿಲ್ಲ. ಕಾರು ಸರಿಯಾಗಿದೆಯೇ ಎಂಬುದು ಬಹುಮಟ್ಟಿಗೆ ಚಾಲಕನ ಆತ್ಮಸಾಕ್ಷಿಗೆ ಬಿಟ್ಟ ವಿಷಯ. ನನ್ನ ಆತ್ಮಸಾಕ್ಷಿ ಆ ಐದು ವಾರ ನಿದ್ರಿಸುತ್ತಿತ್ತು. ಎದೆನೋವನ್ನು ಹದಿನೈದು ದಿನ ಮುಚ್ಚಿಟ್ಟುಕೊಂಡು ಕೊನೆಗೆ ಆಸ್ಪತ್ರೆಗೆ ಬರುವ ರೋಗಿಗಳಿಗೆ ನಾನು ಕೇಳುವ ಪ್ರಶ್ನೆ ಒಂದೇ: 'ಇಷ್ಟು ದಿನ ಏಕೆ ಸುಮ್ಮನಿದ್ದಿರಿ?' ಆ ಪ್ರಶ್ನೆಯನ್ನು ನನಗೆ ಕೇಳುವವರಿರಲಿಲ್ಲ.

ಕೇಳಿದ್ದು ಒಂದು ಹಾರ್ನ್. ಫೆಬ್ರುವರಿಯ ಸಂಜೆ, ಐ-275 ಹೆದ್ದಾರಿಯಲ್ಲಿ ಎಡದ ಸಾಲಿಗೆ ಸರಿಯಲು ಹೊರಟೆ. ಒಡೆದ ಗಾಜಿನಲ್ಲಿ ಏನೂ ಕಾಣಲಿಲ್ಲ. ಏನೂ ಇಲ್ಲವೆಂದೇ ಭಾವಿಸಿದೆ. ಕುತ್ತಿಗೆ ತಿರುಗಿಸಿ ನೋಡಿದ್ದೆನೆಂದು ಹೇಳಿಕೊಳ್ಳಬಹುದು, ಆದರೆ ಐವತ್ತು ದಾಟಿದವನ ಕುತ್ತಿಗೆ ತಾನು ತಿರುಗಿದೆನೆಂದು ಭಾವಿಸುವಷ್ಟು ತಿರುಗಿರುವುದಿಲ್ಲ. ನನ್ನ ಭುಜದ ಪಕ್ಕದಲ್ಲೇ ಒಂದು ಸಣ್ಣ ನೀಲಿ ಕಾರು ಇತ್ತು. ಆಕೆ ಹಾರ್ನ್ ಒತ್ತಿದಳು, ನಾನು ಬೆಚ್ಚಿ ನನ್ನ ಸಾಲಿಗೆ ಮರಳಿದೆ. ಅವಳ ಕಾರು ಮುಂದೆ ಸಾಗುವಾಗ ಹಿಂದಿನ ಸೀಟಿನಲ್ಲಿ ಕಟ್ಟಿದ್ದ ಮಗುವಿನ ಆಸನ ಕಂಡಿತು. ಅದರಲ್ಲಿ ಮಗುವಿತ್ತೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ.

ಮರುದಿನವೇ ಒಂದು ದುರಸ್ತಿ ಕೇಂದ್ರಕ್ಕೆ ಹೋದೆ. ಕಂಪ್ಯೂಟರ್ ನೋಡಿ ಲೆಕ್ಕ ಕೊಟ್ಟರು. ಹೊಸ ಕನ್ನಡಿಗೆ 430 ಡಾಲರ್. ಕೂಲಿ ಒಂದೂವರೆ ಗಂಟೆಗೆ 210 ಡಾಲರ್. ಒಟ್ಟು 640, ತೆರಿಗೆ ಬೇರೆ. 2008ರ ಮಾದರಿಯ ಆ ಕಾರಿಗೆ ಈಗ ಎಷ್ಟು ಬೆಲೆ ಬಂದೀತು ಎಂದು ನಾನು ಕೇಳಲಿಲ್ಲ. ಅವರು ಮರ್ಯಾದೆಗೆ ಹೇಳಲಿಲ್ಲ.

ಆ ವಾರ ಹಾಸನದಿಂದ ಭಾವನವರ ಫೋನು ಬಂದಾಗ ಈ ಸಂಗತಿ ಹೇಳಿದೆ. ಅವರು ನಕ್ಕರು.

'ಅಲ್ಲಯ್ಯ, ಅಮೆರಿಕದಲ್ಲಿ ಡಾಕ್ಟ್ರಾಗಿ ಹದಿನೇಳು ವರ್ಷದ ಹಳೇ ಕಾರು ಇಟ್ಕೊಂಡಿದೀಯಲ್ಲ, ಕೇಳ್ದೋರು ಏನಂತಾರೆ? ಹೊಸದು ತಗೋಬಾರ್ದಾ?'

'ಓಡ್ತಾ ಇದೆ ಭಾವ, ಯಾಕೆ ಬಿಡೋದು? ಕನ್ನಡಿ ಒಂದು ಹೋಗಿದೆ ಅಷ್ಟೆ. ನಾನೇ ಹಾಕೋಣ ಅಂತಿದೀನಿ.'

'ನೀನಾ? ಎಂ.ಡಿ. ಮಾಡಿರೋನು ಸ್ಪ್ಯಾನರ್ ಹಿಡ್ಕೊಂಡು ಕೂರ್ತೀಯಾ? ಇಲ್ಲಾಗಿದ್ರೆ ನಮ್ಮ ಹುಡುಗ ಬಂದು ಇನ್ನೂರು ರೂಪಾಯಿಗೆ ಹಾಕ್ಕೊಟ್ಟು ಹೋಗೋನು.'

ಭಾವನವರ ಮಾತಿನಲ್ಲಿ ಕುಹಕವಿರಲಿಲ್ಲ, ಪ್ರೀತಿಯೇ ಇತ್ತು. ಹಳೆಯ ಕಾರಿನ ವಿಷಯದಲ್ಲಿ ಅವರಿಗೆ ಸಮಾಧಾನ ಹೇಳುವುದು ಸುಲಭ. ಅಮೆರಿಕದ ರಸ್ತೆಗಳಲ್ಲಿ ಓಡುವ ವಾಹನಗಳ ಸರಾಸರಿ ವಯಸ್ಸೇ 12 ವರ್ಷ ದಾಟಿದೆ. ಇಲ್ಲಿ ಹಳೆಯ ಕಾರು ಬಡತನದ ಗುರುತಲ್ಲ. ಸಾಲ ತೀರಿದ ನೆಮ್ಮದಿಯ ಗುರುತು. ಆದರೆ ಆ 'ಇನ್ನೂರು ರೂಪಾಯಿಯ ಹುಡುಗ' ಎಂಬ ಮಾತು ನನ್ನನ್ನು ಬಿಡಲಿಲ್ಲ. ಈ ಲೇಖನ ಬರೆಯಲು ಕಾರಣ ಆ ಮಾತು.

ನಾನು ಬೆಳೆಯುವಾಗ ನಮ್ಮ ಮನೆಯಲ್ಲಿ ಒಂದು ಬಜಾಜ್ ಚೇತಕ್ ಸ್ಕೂಟರ್ ಇತ್ತು. ಅದು ಕೆಟ್ಟಾಗಲೆಲ್ಲ ಬಸ್ ನಿಲ್ದಾಣದ ಹಿಂದಿನ ಒಂದು ಮೆಕ್ಯಾನಿಕ್ ಅಂಗಡಿಗೆ ತಂದೆಯವರೊಡನೆ ನಾನೂ ಹೋಗುತ್ತಿದ್ದೆ. ಅಲ್ಲಿ ನನ್ನದೇ ವಯಸ್ಸಿನ, ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದ. ಮೇಸ್ತ್ರಿ 'ಹತ್ತು–ಹನ್ನೊಂದರ ಪಾನ ಕೊಡು' ಎಂದರೆ ನೋಡದೆಯೇ ಡಬ್ಬಿಯಿಂದ ಅದನ್ನೇ ಎತ್ತಿ ಕೊಡುತ್ತಿದ್ದ. ಎಂಜಿನ್ನಿನ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಯಾವುದು ಎಲ್ಲಿಂದ ಬಂದದ್ದೋ ಅದೇ ಕ್ರಮದಲ್ಲಿ ಹಳೆಯ ವೃತ್ತಪತ್ರಿಕೆಯ ಮೇಲೆ ಜೋಡಿಸುತ್ತಿದ್ದ. ಒಂದು ದಿನ ನಾನು ಕುತೂಹಲದಿಂದ ಒಂದು ಸ್ಪ್ಯಾನರ್ ಎತ್ತಿಕೊಂಡೆ. ತಂದೆಯವರು ಅದನ್ನು ಕೈಯಿಂದ ಕಸಿದು ಕೆಳಗಿಟ್ಟು, ಆ ಹುಡುಗನತ್ತ ಬೆರಳು ಮಾಡಿ, 'ಓದ್ಲಿಲ್ಲ ಅಂದ್ರೆ ಇದೇ ಗತಿ' ಎಂದರು. ಮೆಲ್ಲಗೆ ಹೇಳಲಿಲ್ಲ. ಹುಡುಗ ಕೇಳಿಸಿಕೊಂಡ. ತಲೆಯೆತ್ತಲಿಲ್ಲ, ಕೈಯಲ್ಲಿದ್ದ ಸ್ಪಾರ್ಕ್ ಪ್ಲಗ್ಗನ್ನು ಮತ್ತೆ ಮತ್ತೆ ಉಜ್ಜಿದ. ಹೊರಡುವಾಗ ತಂದೆಯವರು ಮೇಸ್ತ್ರಿಯೊಡನೆ ಎರಡು ರೂಪಾಯಿಗಾಗಿ ಚೌಕಾಸಿ ಮಾಡಿದರು.

ನನ್ನ ತಂದೆ ಕೆಟ್ಟವರಲ್ಲ. ಆ ಕಾಲದ ಮಧ್ಯಮವರ್ಗದ ಬಹುತೇಕ ತಂದೆಯರಾಡಿದ ಮಾತನ್ನೇ ಅವರೂ ಆಡಿದರು. ಆ ಭಯವೇ ನನ್ನನ್ನು ಓದಿಸಿತು. ಆದರೆ ಅದರ ಜೊತೆಗೆ ಇನ್ನೊಂದು ಪಾಠವನ್ನೂ ನಾನು ಕಲಿತೆ: ಕೈಗೆ ಎಣ್ಣೆ ಮೆತ್ತಿಕೊಳ್ಳುವುದು ಸೋತವರ ಕೆಲಸ. ಆ ಹುಡುಗ ಮಾಡುತ್ತಿದ್ದುದು ತರಗತಿಯ ಯಾವ ಲೆಕ್ಕಕ್ಕೂ ಕಡಿಮೆಯಿಲ್ಲದ ಬುದ್ಧಿಯ ಕೆಲಸವೆಂದು ನನಗೆ ತಿಳಿಯಲು ನಲವತ್ತು ವರ್ಷ ಹಿಡಿಯಿತು.

ತಿಳಿಸಿದವರು ನಮ್ಮ ನೆರೆಯವರು. ಡೆಟ್ರಾಯಿಟ್ ಸುತ್ತಮುತ್ತಲಿನ ಈ ಸೀಮೆ ಕಾರುಗಳ ಸೀಮೆ. ಅವರು ಮೂವತ್ತು ವರ್ಷ ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ದುಡಿದು ನಿವೃತ್ತರಾದವರು. ಎಪ್ಪತ್ತು ದಾಟಿದೆ. ನನ್ನ ಕಾರಿಗೆ ಅಂಟಿಸಿದ್ದ ಟೇಪನ್ನು ಐದು ವಾರದಿಂದ ನೋಡುತ್ತಲೇ ಇದ್ದರಂತೆ. ನಾನು ಕೇಳದ ಹೊರತು ಹೇಳುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದರಂತೆ. ನಾನು ಕೇಳಿದಾಗ ಬಂದರು, ಆದರೆ ಸಲಕರಣೆ ಮುಟ್ಟಲಿಲ್ಲ. ಟಾರ್ಚ್ ಹಿಡಿದು ನಿಂತು ಒಂದೊಂದೇ ಪ್ರಶ್ನೆ ಕೇಳಿದರು.

ಬಲಬದಿಯ ಕನ್ನಡಿ ಅಲುಗುತ್ತದೆಯೇ? ಅಲುಗುತ್ತದೆ. ಹಾಗಾದರೆ ಫ್ಯೂಸ್ ಸರಿಯಾಗಿದೆ. ಎರಡಕ್ಕೂ ಒಂದೇ ಫ್ಯೂಸ್. ಎಡಕ್ಕೆ ಬದಲಿಸಿ ಗುಂಡಿ ಒತ್ತಿದರೆ ಸದ್ದು ಬರುತ್ತದೆಯೇ? ಬರುತ್ತದೆ. ಹಾಗಾದರೆ ಗುಂಡಿಯೂ ಸರಿ, ತಂತಿಯೂ ಸರಿ, ಮೋಟರಿಗೆ ವಿದ್ಯುತ್ತೂ ತಲುಪುತ್ತಿದೆ. ಮೋಟರ್ ತಿರುಗುತ್ತಿದೆ, ಗಾಜು ತಿರುಗುತ್ತಿಲ್ಲ. ಎಂದರೆ ಇವೆರಡರ ನಡುವಣ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿದೆ.

ನನಗೆ ಮೈ ಜುಮ್ಮೆಂದಿತು. ಪಾರ್ಶ್ವವಾಯುವಿನ ರೋಗಿಯ ಹಾಸಿಗೆಯ ಪಕ್ಕ ನಿಂತು, ದೋಷ ಮಿದುಳಿನಲ್ಲಿದೆಯೋ ಬೆನ್ನುಹುರಿಯಲ್ಲಿದೆಯೋ ನರದಲ್ಲಿದೆಯೋ ಸ್ನಾಯುವಿನಲ್ಲಿದೆಯೋ ಎಂದು ಒಂದೊಂದಾಗಿ ಕಳೆಯುತ್ತ ಹೋಗುವ ವಿಧಾನವನ್ನು ನಮ್ಮ ಪ್ರಾಧ್ಯಾಪಕರು ವರ್ಷಗಟ್ಟಲೆ ಕಲಿಸಿದ್ದರು. ಈ ಹಿರಿಯರು ನನ್ನ ಮನೆಯ ಅಂಗಳದಲ್ಲಿ ಮಾಡಿದ್ದು ಅದನ್ನೇ. ಒಮ್ಮೆ ಸದ್ದೇ ಬಾರದಿದ್ದರೆ ಎಲ್ಲಿ ನೋಡಬೇಕೆಂದೂ ಹೇಳಿದರು: ಬಾಗಿಲಿಗೂ ಕಾರಿನ ಒಡಲಿಗೂ ನಡುವೆ ಒಂದು ರಬ್ಬರ್ ತೋಳು ಇರುತ್ತದೆ; ತಂತಿಗಳೆಲ್ಲ ಅದರೊಳಗೆ ಹಾಯುತ್ತವೆ. ಬಾಗಿಲು ಸಾವಿರಾರು ಬಾರಿ ತೆರೆದು ಮುಚ್ಚಿದ ಹಳೆಯ ಕಾರುಗಳಲ್ಲಿ ತಂತಿ ತುಂಡಾಗುವುದು ಅಲ್ಲಿಯೇ.

ಈ ಕನ್ನಡಿಯ ಒಳಗಿನ ವ್ಯವಸ್ಥೆ ನಾವು ಹೆದರುವಷ್ಟು ಜಟಿಲವಲ್ಲ. ಎರಡು ಪುಟ್ಟ ಮೋಟರುಗಳಿರುತ್ತವೆ. ಒಂದು ಗಾಜನ್ನು ಮೇಲಕ್ಕೂ ಕೆಳಕ್ಕೂ, ಇನ್ನೊಂದು ಎಡಕ್ಕೂ ಬಲಕ್ಕೂ ವಾಲಿಸುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದರೆ ಮೋಟರ್ ತಿರುಗುವ ದಿಕ್ಕೂ ಬದಲಾಗುತ್ತದೆ. ಹೀಗಾಗಿ ಎರಡು ಮೋಟರಿಗೆ ಮೂರೇ ತಂತಿ ಸಾಕಾಗುತ್ತವೆ. ನಮ್ಮಂಥ ಚಳಿಯ ನಾಡಿನಲ್ಲಿ ಗಾಜಿನ ಬೆನ್ನಿಗೆ ಅದನ್ನು ಬಿಸಿಮಾಡಿ ಮಂಜು ಕರಗಿಸುವ ಒಂದು ತೆಳುವಾದ ಜಾಲವಿದ್ದು, ಅದಕ್ಕೆ ಇನ್ನೆರಡು ತಂತಿಗಳು. ಗಾಜಷ್ಟೇ ಒಡೆದಿದ್ದರೆ ಗಾಜನ್ನಷ್ಟೇ ಬದಲಿಸಬಹುದು. ನನ್ನದರಲ್ಲಿ ಗೇರು ಮುರಿದಿದ್ದರಿಂದ ಇಡೀ ಕನ್ನಡಿಯನ್ನೇ ಬದಲಿಸುವುದು ಮೇಲೆಂದು ನೆರೆಯವರು ಹೇಳಿ, ಗುಜರಿಯ ದಾರಿ ತೋರಿಸಿದರು.

ಊರಿನವರು ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನೋ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೋ ಬಲ್ಲರು. ಅಲ್ಲಿ ಬೇಕಾದದ್ದನ್ನು ಹೇಳಿದರೆ ಹುಡುಗನೊಬ್ಬ ಓಡಿಹೋಗಿ ತಂದುಕೊಡುತ್ತಾನೆ. ಇಲ್ಲಿಯ ಗುಜರಿ ಬೇರೆ ಬಗೆಯದು. ಎಕರೆಗಟ್ಟಲೆ ಬಯಲಿನಲ್ಲಿ ನೂರಾರು ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಬಾಗಿಲಿನಲ್ಲಿ ಎರಡು ಡಾಲರ್ ಕೊಟ್ಟು, ನಮ್ಮ ಸಲಕರಣೆಗಳನ್ನು ನಾವೇ ಹೊತ್ತು ಒಳಹೋಗಬೇಕು. ಬೇಕಾದ ಭಾಗವನ್ನು ನಾವೇ ಬಿಚ್ಚಿಕೊಂಡು ಬಂದು ಹಣ ತೆರಬೇಕು. ಮಾರ್ಚ್ ಮೊದಲ ವಾರ, ಹಿಮ ಕರಗಿ ಕೆಸರಾದ ಒಂದು ಶನಿವಾರ ಹೋದೆ. ಅಲ್ಲಿದ್ದವರಲ್ಲಿ ಅರಬ್ಬರಿದ್ದರು, ಮೆಕ್ಸಿಕೋದವರಿದ್ದರು, ಕಾಲೇಜಿನ ಹುಡುಗರಿದ್ದರು, ತಾಯಿಯೊಡನೆ ಬಂದ ಒಬ್ಬ ಹುಡುಗಿ ಆಲ್ಟರ್ನೇಟರ್ ಬಿಚ್ಚುತ್ತಿದ್ದಳು. ಚರ್ಮದ ಷೂ ಹಾಕಿಕೊಂಡು ಹೋಗಿದ್ದವನು ನಾನೊಬ್ಬನೇ.

ನನ್ನ ಕಾರಿನದೇ ಮಾದರಿಯ ಒಂದು ಕಾರು ಮೂರನೆಯ ಸಾಲಿನಲ್ಲಿ ಸಿಕ್ಕಿತು. ಅದರ ಮುಂಭಾಗ ಜಜ್ಜಿಹೋಗಿತ್ತು, ಎಡದ ಕನ್ನಡಿ ಮಾತ್ರ ನೆಟ್ಟಗಿತ್ತು. ಗುಜರಿಯ ಕಾರುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಆದ್ದರಿಂದ ಮೋಟರ್ ಪರೀಕ್ಷಿಸಲು ಒಂಬತ್ತು ವೋಲ್ಟಿನ ಸಣ್ಣ ಬ್ಯಾಟರಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗೆಂದು ನೆರೆಯವರು ಹೇಳಿದ್ದರು. ತಂತಿಯ ತುದಿಗಳಿಗೆ ಅದನ್ನು ಮುಟ್ಟಿಸಿದಾಗ ಗಾಜು ಮೆಲ್ಲಗೆ ವಾಲಿತು. ಆ ಕ್ಷಣದ ನನ್ನ ಸಂತೋಷವನ್ನು ಬರೆದರೆ ಓದುಗರು ನಗುತ್ತಾರೆ. 26 ಡಾಲರ್ ಕೊಟ್ಟು ಮನೆಗೆ ತಂದೆ. ಅದರ ಬಣ್ಣ ಕಡುಗೆಂಪು. ನನ್ನ ಕಾರಿನದು ಬೆಳ್ಳಿಬಣ್ಣ.

ಜೋಡಿಸುವ ಕೆಲಸ ಬಲ್ಲವರಿಗೆ ಅರ್ಧ ಗಂಟೆಯದು. ನನಗೆ ಮೂರೂವರೆ ಗಂಟೆ ಹಿಡಿಯಿತು. ಮೊದಲು ಬ್ಯಾಟರಿಯ ಋಣ ತಂತಿ ಬಿಡಿಸಬೇಕು. ಕಿಟಕಿಯ ಮೂಲೆಯಲ್ಲಿ, ಕಾರಿನ ಒಳಭಾಗಕ್ಕೆ, ತ್ರಿಕೋನಾಕಾರದ ಒಂದು ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಅದನ್ನು ಲೋಹದ ಸ್ಕ್ರೂಡ್ರೈವರಿನಿಂದಲ್ಲ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಬೇಕು. ಚಳಿಯಲ್ಲಿ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಎರಡು ನಿಮಿಷ ಬೆಚ್ಚಗೆ ಮಾಡಿಕೊಂಡರೆ ಒಳ್ಳೆಯದು. ಮುಚ್ಚಳದ ಹಿಂದೆ ಮೂರು ನಟ್ಟುಗಳು, ಒಂದು ತಂತಿಯ ಪ್ಲಗ್. ಪ್ಲಗ್ ಕಳಚಿ ನಟ್ಟುಗಳನ್ನು ಬಿಚ್ಚಿದರೆ ಕನ್ನಡಿ ಕೈಗೆ ಬರುತ್ತದೆ. ಹೊಸದನ್ನು ಅದೇ ಕ್ರಮದಲ್ಲಿ ಹಿಂದುಮುಂದಾಗಿ ಜೋಡಿಸಬೇಕು. ಒಡೆದ ಗಾಜಿನ ಕೆಲಸಕ್ಕೆ ಕೈಗವಸು ಮತ್ತು ಕನ್ನಡಕ ಇಲ್ಲದೆ ಕೂರಬಾರದು. ಗಾಜಿನ ಚೂರು ಹೊಕ್ಕ ಕಣ್ಣುಗಳನ್ನು ತುರ್ತು ವಿಭಾಗದಲ್ಲಿ ಕಂಡವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ನೆರೆಯವರು ಮೊದಲೇ ಎಚ್ಚರಿಸಿದ್ದರು: ನಟ್ಟು ಬಿಚ್ಚುವ ಮುನ್ನ ಬಾಗಿಲಿನ ರಂಧ್ರಕ್ಕೆ ಬಟ್ಟೆ ತುರುಕು. ನಾನು ಮರೆತೆ. ಮೂರನೆಯ ನಟ್ಟು ಜಾರಿ ಬಾಗಿಲಿನ ಹೊಟ್ಟೆಯೊಳಗೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಅಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಟ್ಟು, ಎರಡು ಗಂಟೆ ಬಾವಿಯಲ್ಲಿ ಬಿದ್ದ ಕೊಡಕ್ಕೆ ಪಾತಾಳಗರಡಿ ಹಾಕಿ ಹುಡುಕುವಂತೆ ಹುಡುಕಿದೆ. ನೆರೆಯವರು ಬೈಯಲೂ ಇಲ್ಲ, ನಗಲೂ ಇಲ್ಲ. 'ಕಾರ್ಖಾನೆಯಲ್ಲಿ ಮೊದಲ ವಾರ ನಾನೂ ಬೀಳಿಸಿದ್ದೆ' ಎಂದರು. ಹನ್ನೆರಡರ ಆ ಹುಡುಗ ಬಿಡಿಭಾಗಗಳನ್ನು ವೃತ್ತಪತ್ರಿಕೆಯ ಮೇಲೆ ಏಕೆ ಕ್ರಮವಾಗಿ ಜೋಡಿಸುತ್ತಿದ್ದನೆಂದು ನನಗೆ ಅರ್ಥವಾದದ್ದು ಆಗ.

ಇಲ್ಲಿಗೆ ಬರಲಿರುವವರಿಗೆ ಕನ್ನಡಿಯ ವಿಷಯದಲ್ಲಿ ಒಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಹಿಂದಿನವನ ಹಾರ್ನೇ ನಮ್ಮ ಕನ್ನಡಿ. ಲಾರಿಗಳ ಬೆನ್ನಿನ ಮೇಲೆ 'ಸೌಂಡ್ ಹಾರ್ನ್' ಎಂದು ಬರೆದಿರುತ್ತದೆ. ಪಕ್ಕದಲ್ಲಿ ಬರುವವನು ತಾನು ಬರುತ್ತಿದ್ದೇನೆಂದು ಸಾರಿಕೊಂಡೇ ಬರುತ್ತಾನೆ. ಇಕ್ಕಟ್ಟಿನ ರಸ್ತೆಯಲ್ಲಿ ತಗುಲೀತೆಂದು ಕನ್ನಡಿಯನ್ನು ಮಡಚಿಟ್ಟು ಓಡಿಸುವವರನ್ನೂ ಕಂಡಿದ್ದೇನೆ. ಇಲ್ಲಿ ಯಾರೂ ಸಾರುವುದಿಲ್ಲ. ಗಂಟೆಗೆ 70 ಮೈಲಿ ವೇಗದಲ್ಲಿ, ಎಂದರೆ 110 ಕಿಲೋಮೀಟರಿಗೂ ಮಿಗಿಲಾಗಿ, ಮೌನವಾಗಿ ಪಕ್ಕಕ್ಕೆ ಬರುತ್ತಾರೆ. ನಮ್ಮನ್ನು ಉಳಿಸುವುದು ಕಿವಿಯಲ್ಲ, ಕಣ್ಣು.

ಇನ್ನೊಂದು ವ್ಯತ್ಯಾಸವೂ ಇದೆ. ಅಮೆರಿಕದ ಸುರಕ್ಷತಾ ನಿಯಮದಂತೆ ಚಾಲಕನ ಬದಿಯ ಕನ್ನಡಿ ಸಪಾಟಾಗಿರಬೇಕು; ವಸ್ತುಗಳನ್ನು ಇದ್ದ ಗಾತ್ರದಲ್ಲೇ ತೋರಿಸಬೇಕು. ಇನ್ನೊಂದು ಬದಿಯದು ಉಬ್ಬಿದ ಕನ್ನಡಿಯಾಗಿರಬಹುದು. ಆಗ ಕನ್ನಡಿಯಲ್ಲಿ ಕಾಣುವ ವಸ್ತುಗಳು ನೀವೆಣಿಸುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯನ್ನು ಅದರ ಮೇಲೆ ಬರೆದಿರಬೇಕು. ಸಪಾಟು ಕನ್ನಡಿ ದೂರವನ್ನು ಸರಿಯಾಗಿ ತೋರಿಸುತ್ತದೆ, ಆದರೆ ಅಗಲವನ್ನು ಕಡಿಮೆ ತೋರಿಸುತ್ತದೆ. ಆದ್ದರಿಂದಲೇ ಎಡಕ್ಕೆ ಒಂದು ಕುರುಡು ಜಾಗ ಉಳಿಯುತ್ತದೆ. ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ 1995ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದಕ್ಕೊಂದು ಸರಳ ಉಪಾಯ ಹೇಳಿದರು. ತಲೆಯನ್ನು ಎಡಗಿಟಕಿಯ ಗಾಜಿಗೆ ತಾಗಿಸಿ, ಕಾರಿನ ಪಕ್ಕೆ ಕನ್ನಡಿಯ ಅಂಚಿನಲ್ಲಿ ಕಂಡೂ ಕಾಣದಷ್ಟಾಗುವವರೆಗೆ ಎಡಗನ್ನಡಿಯನ್ನು ಹೊರಕ್ಕೆ ತಿರುಗಿಸಿರಿ. ಅನಂತರ ಕಾರಿನ ನಡುಭಾಗಕ್ಕೆ ವಾಲಿ ಬಲಗನ್ನಡಿಯನ್ನೂ ಹಾಗೆಯೇ ಇಡಿ. ಆಗ ಹಿಂದಿನಿಂದ ಬಂದ ಕಾರು ನಡುವಿನ ಕನ್ನಡಿಯಿಂದ ಮರೆಯಾಗುವ ಹೊತ್ತಿಗೆ ಪಕ್ಕದ ಕನ್ನಡಿಗೆ ಬರುತ್ತದೆ. ಅಲ್ಲಿಂದ ಮರೆಯಾಗುವ ಹೊತ್ತಿಗೆ ಕಣ್ಣಂಚಿಗೆ ಬರುತ್ತದೆ. ಇಷ್ಟಾದರೂ ಕುತ್ತಿಗೆ ತಿರುಗಿಸುವುದನ್ನು ಬಿಡಬಾರದು. ಕಡುಗೆಂಪು ಕನ್ನಡಿ ಕುಳಿತ ಮೇಲೆ ನಾನು ಮಾಡಿದ ಮೊದಲ ಕೆಲಸ ಇದು.

ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದೆಂದು ನಾನು ಹೇಳುತ್ತಿಲ್ಲ. ಹೊಸ ಕಾರುಗಳ ಕನ್ನಡಿಯೊಳಗೆ ಕ್ಯಾಮೆರಾ, ಪಕ್ಕದ ವಾಹನ ಸೂಚಿಸುವ ದೀಪ ಮುಂತಾದವು ಸೇರಿವೆ. ಕ್ಯಾಮೆರಾ ಇದ್ದರೆ ಬದಲಿಸಿದ ಮೇಲೆ ಯಂತ್ರದಿಂದ ಅಳತೆ ಹೊಂದಿಸಬೇಕಾಗಬಹುದು. ಬಾಗಿಲಿನ ಇಡೀ ಹಲಗೆ ಬಿಚ್ಚಬೇಕಾದಲ್ಲಿ ಗಾಳಿಚೀಲದ ತಂತಿಗಳಿರಬಹುದು. ಬ್ರೇಕು, ಸ್ಟೀರಿಂಗು, ಗಾಳಿಚೀಲ ಇವುಗಳನ್ನು ಅರೆಕಲಿತ ಕೈ ಮುಟ್ಟಬಾರದು. ತಾನೇ ಅಂತರ್ಜಾಲದಲ್ಲಿ ಓದಿ ಔಷಧಿ ನುಂಗಿ ಬರುವ ರೋಗಿಯನ್ನು ಗದರುವ ನಾನು, ಕಾರಿನ ವಿಷಯದಲ್ಲಿ ಅದೇ ತಪ್ಪು ಮಾಡಲಾರೆ. ಯಾವುದು ನನ್ನ ಕೈಯಲ್ಲಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ತಿಳಿಯಲಿಕ್ಕಾದರೂ ಒಮ್ಮೆ ಕೈಹಾಕಿ ನೋಡಿರಬೇಕು.

ಈಗ 640 ಡಾಲರಿನ ಲೆಕ್ಕಕ್ಕೆ ಮರಳುತ್ತೇನೆ. ಇಲ್ಲಿಗೆ ಹೊಸದಾಗಿ ಬಂದವರು ಮೊದಲ ವರ್ಷ ಒಂದೇ ಮಾತನ್ನಾಡುತ್ತಾರೆ: 'ಎಲ್ಲದಕ್ಕೂ ಎಷ್ಟೊಂದು ಕೂಲಿ! ಸುಲಿಗೆ!' ನಾನೂ ಆಡಿದ್ದೇನೆ. ಮೂರೂವರೆ ಗಂಟೆ ಚಳಿಯಲ್ಲಿ ಮಂಡಿಯೂರಿ ಕುಳಿತ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಗಂಟೆಗೆ 140 ಡಾಲರ್ ಪೂರ್ತಿಯಾಗಿ ಮೆಕ್ಯಾನಿಕ್ಕಿನ ಜೇಬಿಗೆ ಹೋಗುವುದಿಲ್ಲ. ಅಂಗಡಿಯ ಬಾಡಿಗೆ, ವಿಮೆ, ಯಂತ್ರಗಳ ವೆಚ್ಚ ಎಲ್ಲ ಅದರಲ್ಲಿದೆ. ಇಲ್ಲಿ ಎ.ಎಸ್.ಇ. ಎಂಬ ಪ್ರಮಾಣಪತ್ರ ಪಡೆಯಬಯಸುವ ಮೆಕ್ಯಾನಿಕ್ ಪರೀಕ್ಷೆ ಬರೆಯಬೇಕು, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ವೈದ್ಯರಾದ ನಮಗೂ ಇಂಥದೇ ಕಟ್ಟಳೆಯಿದೆ. ಅವರ ಮಕ್ಕಳೂ ನನ್ನ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬಹುದು, ಅವರೂ ನಾನೂ ಒಂದೇ ಬೀದಿಯಲ್ಲಿ ಮನೆ ಮಾಡಬಹುದು. ನನ್ನ ನೆರೆಯವರೇ ಅದಕ್ಕೆ ಸಾಕ್ಷಿ. ಒಬ್ಬನ ದುಡಿಮೆಗೆ ಅವನ ಸಂಸಾರ ನಡೆಯುವಷ್ಟು ಬೆಲೆ ಕೊಟ್ಟಾಗ ದುರಸ್ತಿ ದುಬಾರಿಯಾಗುತ್ತದೆ. ಆ ದುಬಾರಿಯನ್ನು ನಾನು ತಪ್ಪೆನ್ನಲಾರೆ.

ಹಾಗಾದರೆ ಊರಿನ ಇನ್ನೂರು ರೂಪಾಯಿ ಅಗ್ಗವಾದದ್ದು ಹೇಗೆ? ಸಮಾರಂಭಕ್ಕೆ ಊರಿಗೆ ಬಂದ ಅನಿವಾಸಿಗಳು 'ಇಂಡಿಯಾದಲ್ಲಿ ಎಷ್ಟು ಸುಖ, ಎಲ್ಲದಕ್ಕೂ ಜನ ಸಿಗ್ತಾರೆ' ಎಂದು ಬೀಗುವುದನ್ನು ಕೇಳಿದ್ದೇನೆ. ಆ ಸುಖದ ಬೆಲೆಯನ್ನು ಬೇರೊಬ್ಬರು ತೆತ್ತಿರುತ್ತಾರೆ. ಶಾಲೆಗೆ ಹೋಗಬೇಕಾಗಿದ್ದ ಒಬ್ಬ ಹುಡುಗ ಸೀಮೆಎಣ್ಣೆಯಲ್ಲಿ ಕೈ ಅದ್ದಿದ್ದರಿಂದ ನಮ್ಮ ಸ್ಕೂಟರಿನ ದುರಸ್ತಿ ಅಗ್ಗವಾಗಿತ್ತು. ಅದರ ಮೇಲೂ ನಾವು ಎರಡು ರೂಪಾಯಿ ಕಡಿತ ಕೇಳಿದೆವು. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದು ಇಂದು ಕಾನೂನಿನಂತೆ ಅಪರಾಧ. ಆದರೆ ಚೌಕಾಸಿಯ ಅಭ್ಯಾಸ, 'ಓದದಿದ್ದರೆ ಇದೇ ಗತಿ' ಎಂಬ ಬೆರಳು ಇನ್ನೂ ಹೋಗಿಲ್ಲ.

ಒಂದು ಒಳ್ಳೆಯ ಬೆಳವಣಿಗೆಯನ್ನೂ ಹೇಳಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಕಾರುಗಳ ದುರಸ್ತಿಯ ಮಾಹಿತಿ ಸ್ವತಂತ್ರ ಮೆಕ್ಯಾನಿಕ್ಕುಗಳಿಗೂ ಸಿಗಬೇಕೆಂಬ ಕಾನೂನನ್ನು ಭಾರಿ ಬಹುಮತದಿಂದ ಒಪ್ಪಿದರು. ಭಾರತದಲ್ಲಿಯೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಹಕ್ಕು ಬಂದರೂ ಅದನ್ನು ಬಳಸುವ ಕೈಗಳು ಬೇಕು, ಆ ಕೈಗಳಿಗೆ ಮರ್ಯಾದೆ ಬೇಕು.

ಆದ್ದರಿಂದ ಇತ್ತ ಬರಲು ಸಿದ್ಧರಾಗುತ್ತಿರುವ ತರುಣ ತರುಣಿಯರಿಗೆ ನನ್ನ ಸಲಹೆ: ಪರೀಕ್ಷೆಯ ತಯಾರಿಯ ನಡುವೆ ಒಂದೆರಡು ಭಾನುವಾರಗಳನ್ನು ಬಿಡುವು ಮಾಡಿಕೊಂಡು ನಿಮ್ಮ ಬೀದಿಯ ಮೆಕ್ಯಾನಿಕ್ಕಿನ ಬಳಿ ಕುಳಿತುಕೊಳ್ಳಿ. ನಲ್ಲಿಯ ವಾಷರ್ ಬದಲಿಸುವುದು, ಫ್ಯೂಸ್ ನೋಡುವುದು, ಟೈರ್ ಬಿಚ್ಚಿ ಹಾಕುವುದು ಇಷ್ಟನ್ನು ಕಲಿತು ಬನ್ನಿ. ಕಲಿಸಿದವರಿಗೆ ಗುರುದಕ್ಷಿಣೆಯೆಂದು ಭಾವಿಸಿ ಹಣ ಕೊಡಿ, ಚೌಕಾಸಿ ಮಾಡಬೇಡಿ. ಇಲ್ಲಿಯ ಮೊದಲ ಚಳಿಗಾಲದಲ್ಲಿ ಆ ವಿದ್ಯೆ ನಿಮ್ಮ ಪದವಿಯಷ್ಟೇ ಒದಗುತ್ತದೆ. ಊರಿನಲ್ಲಿರುವ ತಂದೆ ತಾಯಿಯರಿಗೆ ನನ್ನ ಬಿನ್ನಹ: ಮಗು ಸ್ಪ್ಯಾನರ್ ಎತ್ತಿಕೊಂಡರೆ ಕಸಿಯಬೇಡಿ. ಓದಿಗೆ ಅದರಿಂದ ಭಂಗವಿಲ್ಲ.

ಕಳೆದ ತಿಂಗಳು ಭಾವನವರಿಗೆ ಕಾರಿನ ಚಿತ್ರ ಕಳುಹಿಸಿದೆ. 'ಇದೇನಯ್ಯ, ಬೆಳ್ಳಿ ಕಾರಿಗೆ ಒಂದು ಕೆಂಪು ಕಿವಿ! ಬಣ್ಣ ಹಾಕಿಸ್ಬಾರ್ದಾ?' ಎಂದರು. ಹಾಕಿಸುವುದಿಲ್ಲ ಎಂದೆ. ಎಡದ ಸಾಲಿಗೆ ಸರಿಯುವ ಮೊದಲು ಪ್ರತಿದಿನ ಆ ಕೆಂಪು ಕಣ್ಣಿಗೆ ಬೀಳುತ್ತದೆ. ಕುತ್ತಿಗೆಯನ್ನು ಇನ್ನಷ್ಟು ತಿರುಗಿಸುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಭಾವನವರು, 'ಮುಂದಿನ ಸಲ ಬಂದಾಗ ನಮ್ಮ ಮಿಕ್ಸಿ ಸ್ವಲ್ಪ ನೋಡಪ್ಪ' ಎಂದರು. ನೋಡುತ್ತೇನೆ ಎಂದಿದ್ದೇನೆ. ಅದರ ಜೊತೆಗೆ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿ ಇನ್ನೂ ಇದೆಯೇ ಎಂದು ವಿಚಾರಿಸಲು ಕೇಳಿಕೊಂಡಿದ್ದೇನೆ. ಆ ಹುಡುಗನಿಗೂ ಈಗ ನನ್ನಂತೆ ಐವತ್ತು ದಾಟಿರಬೇಕು. ಸಿಕ್ಕರೆ ಅವನೊಡನೆ ಒಂದು ಮಾತು ಆಡುವುದಿದೆ.